ಕಪ್ಪು ಶಾಯಿಯ ಹದಿನಾಲ್ಕು ದಿನ

ಬೆಲ್ಟು ಬಿಚ್ಚಿ ತಟ್ಟೆಗೆ ಹಾಕಿ ಎಂದು ಗೇಟಿನವನು ಹೇಳಿದ್ದರಲ್ಲಿ ಅವಮಾನಪಡುವಂಥದ್ದೇನೂ ಇರಲಿಲ್ಲ. ಸಾಲಿನಲ್ಲಿ ಮುಂದಿದ್ದವರೆಲ್ಲ ಬಿಚ್ಚಿ ಹಾಕಿ, ಯಂತ್ರದ ಚೌಕಟ್ಟು ದಾಟಿ, ಆಚೆ ನಿಂತು ಮತ್ತೆ ಕಟ್ಟಿಕೊಳ್ಳುತ್ತ ಅದೂ ಇದೂ ಮಾತಾಡುತ್ತಿದ್ದರು. ಆದರೆ ಅವನು ಈಚೆಗೆ ತುಂಬ ಇಳಿದುಹೋಗಿದ್ದ. ಬೆಲ್ಟಿಲ್ಲದಿದ್ದರೆ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಎಡಗೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಬಲಗೈ ಮೇಲೆತ್ತಿ ಒಳಗೆ ಕಾಲಿಟ್ಟ ಕೂಡಲೇ ಯಂತ್ರ ಕೂಗಿಕೊಂಡಿತು. ‘ಜೇಬಲ್ಲೇನಿದೆ?’ ‘ಏನೂ ಇಲ್ಲ.’ ‘ಏನೂ ಇಲ್ದೆ ಅದಕ್ಕೇನು ಹುಚ್ಚಾ? ತೆಗೀರಿ.’ ಅಂಗಿಯ ಜೇಬಿನಿಂದ ನಾಲ್ಕು ಪಿನ್ನು ಹೊರಬಂದವು, ಆಸ್ಪತ್ರೆಯ ಹಾಸಿಗೆ ಬಟ್ಟೆಗಳ ಗಂಟಿಗೆ ಚೀಟಿ ಚುಚ್ಚುವ ಪಿನ್ನುಗಳು. ಗೇಟಿನವನು ಅವನ್ನು ಒಂದೊಂದಾಗಿ ಎತ್ತಿ ನೋಡಿದ. ಆಚೆ ಕಡೆ ಅತ್ತಿಗೆ ತಮ್ಮ ಪ್ಲಾಸ್ಟಿಕ್ ಚೀಲವನ್ನು ಎದೆಗವುಚಿಕೊಂಡು ನಗುತ್ತ ನಿಂತಿದ್ದರು. ಇದೇ ರೀತಿ, ಟೋಪಿಯಿಲ್ಲ, ಬೆಲ್ಟಿಲ್ಲ, ಪ್ಯಾಂಟು ಜಾರುವ ಭಯದಲ್ಲಿ ಹೊಟ್ಟೆಯುಬ್ಬಿಸಿಕೊಂಡು, ಇಪ್ಪತ್ತೆರಡು ವರ್ಷದ ಹಿಂದೆ ಮೇಜರ್ ಮುಂದೆ ಅವನು ನಿಂತಿದ್ದ. ತಪ್ಪು ಮಾಡಿದವನನ್ನು ಸಾಹೇಬರೆದುರು ನಿಲ್ಲಿಸುವ ಮುಂಚೆ ಎರಡನ್ನೂ ತೆಗೆಸುವುದು ಪದ್ಧತಿ. ಸಿಟ್ಟಿನಲ್ಲಿ ಬೆಲ್ಟು ಬೀಸಿಬಿಟ್ಟಾನೆಂಬ ಹಳೇ ಕಾಲದ ಹೆದರಿಕೆಯಂತೆ. ಅವನಿಗೆ ಅವತ್ತು ಸಿಟ್ಟಿರಲಿಲ್ಲ. ಕಾಲಿಗೆ ಬಿದ್ದು ಬೇಡಿಕೊಳ್ಳಬೇಕು ಅನ್ನಿಸಿತ್ತು, ಹೆಚ್ಚು ಶಿಕ್ಷೆ ಕೊಡಿ ಅಂತ.

‘ಬೇಗ ಕಟ್ಕೋಪ್ಪಾ, ಬಿದ್ದುಹೋದೀತು’ ಅಂದರು ಅತ್ತಿಗೆ. ಹತ್ತಿರದಲ್ಲಿದ್ದ ಇಬ್ಬರು ನಕ್ಕರು. ಅವನೂ ನಕ್ಕ. ಅತ್ತಿಗೆ ಎಂದರೆ ಒಡಹುಟ್ಟಿದ ಅಣ್ಣನ ಹೆಂಡತಿಯೇನಲ್ಲ, ಮೇಷ್ಟ್ರ ಹೆಂಡತಿ. ಮೇಷ್ಟ್ರೂ ಮೇಷ್ಟ್ರಲ್ಲ, ಅವನ ಜೊತೆಗಿದ್ದ ಸಿಪಾಯಿ. ಅವನಿಗಿಂತ ಎಂಟು ವರ್ಷ ದೊಡ್ಡವರು. ಓದು ಬಾರದವರಿಗೆಲ್ಲ ಮನೆಗೆ ಕಾಗದ ಬರೆದುಕೊಡುತ್ತಿದ್ದುದರಿಂದ, ಬರೆದುಕೊಡುವಾಗ ಅವರ ತಪ್ಪುಗಳನ್ನು ತಿದ್ದಿ ಬೈಯುತ್ತಿದ್ದುದರಿಂದ, ಇಡೀ ಕಂಪನಿಗೆ ಮೇಷ್ಟ್ರಾಗಿದ್ದರು. ಅವರು ಹೊಳೆಯಲ್ಲಿ ಕೊಚ್ಚಿಹೋಗಿ ಇಪ್ಪತ್ತೆರಡು ವರ್ಷವಾಯಿತು. ಈಗ ದಂಡಿನ ಪರೇಡ್ ಮೈದಾನದಲ್ಲಿ ಒಂದು ಗೋಡೆ ಎಬ್ಬಿಸಿದ್ದಾರೆ, ಕೆಲಸದಲ್ಲಿರುವಾಗ ಸತ್ತವರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದಾರೆ. ಅತ್ತಿಗೆ ಅರ್ಜಿ ಹಾಕಿದರು. ಮೂರು ತಿಂಗಳ ಮೇಲೆ ಉತ್ತರ ಬಂತು: ಮೃತರ ಸೇವಾ ಕಡತದಲ್ಲಿ ಶಿಸ್ತು ಕ್ರಮದ ನಮೂದು ಇರುವುದರಿಂದ ಹೆಸರನ್ನು ಪರಿಗಣಿಸಲು ಸಾಧ್ಯವಿಲ್ಲ; ಆಕ್ಷೇಪಣೆ ಇದ್ದಲ್ಲಿ ತಿಂಗಳೊಳಗೆ ಕಡತ ಪರಿಶೀಲಿಸಿ ತಿಳಿಸತಕ್ಕದ್ದು. ಆ ತಿಂಗಳು ಇವತ್ತಿಗೆ ಮುಗಿಯುತ್ತಿತ್ತು. ‘ಜೊತೆಗಿದ್ದವನು ನೀನೊಬ್ಬನೇ. ದಂಡಿನವರ ಹತ್ರ ಅವರ ಭಾಷೆಯಲ್ಲಿ ಮಾತಾಡೋಕೆ ನಿನಗೆ ಬರುತ್ತೆ’ ಎಂದು ಅತ್ತಿಗೆ ಫೋನು ಮಾಡಿದ್ದರು. ಅವನು ಬರುತ್ತೇನೆ ಅಂದಿದ್ದ. ಆಸ್ಪತ್ರೆಯ ಒಗೆತದ ಮನೆಯಲ್ಲಿ ನಿಂತು, ಹಬೆಯ ಯಂತ್ರಗಳ ಸದ್ದಿನಲ್ಲಿ ಕಿವಿಗೆ ಬೆರಳಿಟ್ಟುಕೊಂಡು, ಬರ್ತೀನಿ ಅತ್ತಿಗೆ, ಬರ್ತೀನಿ ಎಂದು ಎರಡು ಸಲ ಕೂಗಿದ್ದ.

ಬೆಳಗ್ಗೆ ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು, ‘ಬೇರೆಯವರ ಕೆಲಸ ಅಂದ್ರೆ ಐದು ಗಂಟೆಗೇ ಎಚ್ಚರ ಆಗುತ್ತೆ ನಿಮಗೆ. ಮನೆ ನಲ್ಲಿ ಎರಡು ತಿಂಗಳಿಂದ ಸೋರ್ತಾ ಇದೆ’ ಅಂದಿದ್ದಳು. ಅವಳಿಗೆ ಗೊತ್ತಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷ, ಒಂದೇ ದಿಂಬಿನಷ್ಟು ದೂರದಲ್ಲಿ ಮಲಗಿದ್ದಾಳೆ, ಅವನು ನಿದ್ದೆಗೆ ಜಾರುವ ಮುಂಚೆ ಪ್ರತಿ ಸಲ ಕಾಲು ಝಾಡಿಸಿಕೊಂಡು ಎಚ್ಚರಾಗುವುದನ್ನು ವಾಯು ಎಂದುಕೊಂಡು ಓಮಿನ ಕಷಾಯ ಕಾಯಿಸಿ ಕೊಟ್ಟಿದ್ದಾಳೆ. ಅವನು ಕುಡಿದಿದ್ದಾನೆ. ಹೇಳಬಹುದಾಗಿದ್ದ ರಾತ್ರಿಗಳು ಲೆಕ್ಕವಿಲ್ಲದಷ್ಟು ಇದ್ದವು, ಹೇಳಲಿಲ್ಲ. ಹೇಳಲೇಬೇಕೆಂದೇನಿದೆ, ಶಿಕ್ಷೆ ಆಗಿದೆಯಲ್ಲ, ಕಾಗದದಲ್ಲಿ ಇದೆಯಲ್ಲ ಎಂದು ಪ್ರತಿ ಸಲ ಅಂದುಕೊಂಡ. ಎಲ್ಲೋ ಒಂದು ಕಚೇರಿಯಲ್ಲಿ, ಒಂದು ಕಪಾಟಿನಲ್ಲಿ, ಅವನ ಹೆಸರಿನ ಕಡತದಲ್ಲಿ ಆ ಮಾತು ಬರೆದಿಟ್ಟಿದೆ ಅನ್ನುವುದೇ ಅವನಿಗೆ ಒಂದು ನೆಮ್ಮದಿಯಾಗಿತ್ತು. ತಾನು ಮುಚ್ಚಿಟ್ಟಿಲ್ಲ. ಯಾರೂ ಬಂದು ತೆರೆದು ನೋಡಿಲ್ಲ, ಅಷ್ಟೆ.

ಇವತ್ತು ತೆರೆಯುತ್ತಾರೆ. ಅದೇ ಅವನ ಉಪಾಯವಾಗಿತ್ತು, ಉಪಾಯ ಎನ್ನಲು ಅವನಿಗೇ ನಾಚಿಕೆಯಾಗುತ್ತಿತ್ತು. ಸತ್ತವರ ಕಡತವನ್ನು ಮನೆಯವರು ನೋಡಬಹುದು, ಬದುಕಿರುವವನು ತನ್ನದನ್ನು ಮಾತ್ರ ನೋಡಬಹುದು ಎಂಬುದು ಕಚೇರಿಯ ನಿಯಮ. ‘ಜೊತೆಗೆ ನನ್ನದೂ ತೆಗೆಸ್ತೀನಿ ಅತ್ತಿಗೆ. ಒಂದೇ ಠಾಣೆಯಲ್ಲಿದ್ದವರು, ಹೋಲಿಸಿ ನೋಡೋಕೆ ಅನುಕೂಲ’ ಎಂದು ಹೇಳಿ ಎರಡು ಅರ್ಜಿ ತುಂಬಿಸಿದ್ದ. ತನ್ನ ಕಡತ ಬಂದಾಗ ಅದನ್ನು ತಾನು ಓದುವುದಿಲ್ಲ. ಕನ್ನಡಕ ಮರೆತೆ ಅನ್ನುತ್ತಾನೆ. ಕನ್ನಡಕ ಪ್ಯಾಂಟಿನ ಜೇಬಿನಲ್ಲೇ ಇತ್ತು. ಅತ್ತಿಗೆ ಓದುತ್ತಾರೆ: ಪಹರೆಯಲ್ಲಿ ನಿದ್ದೆ, ಹದಿನಾಲ್ಕು ದಿನ. ದಿನಾಂಕ ನೋಡುತ್ತಾರೆ. ಆ ದಿನಾಂಕ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಮೇಲೆ ಏನಾಗುತ್ತದೋ ಆಗಲಿ. ಕೆನ್ನೆಗೆ ಹೊಡೆಯಲಿ, ಮುಖಕ್ಕೆ ಉಗಿಯಲಿ, ಕಾಗದ ಹಿಡಿದುಕೊಂಡು ಹೋಗಿ ಗೋಡೆಯ ಮೇಲೆ ಹೆಸರು ಬರೆಸಲಿ. ಅವನು ಮಾತ್ರ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಕಾಯುವ ಕೋಣೆಯಲ್ಲಿ ಬೆಂಚುಗಳು ಗೋಡೆಗೆ ಬೋಲ್ಟು ಹಾಕಿ ಬಿಗಿದಿದ್ದವು, ಯಾರಾದರೂ ಹೊತ್ತುಕೊಂಡು ಹೋಗುತ್ತಾರೇನೋ ಎಂಬಂತೆ. ಅವರ ಚೀಟಿ ನಲವತ್ತೊಂದು. ಗೋಡೆಯ ಮೇಲಿನ ಕೆಂಪು ಅಂಕಿ ಇಪ್ಪತ್ತಾರರಲ್ಲಿ ಅರ್ಧ ಗಂಟೆಯಿಂದ ಕೂತಿತ್ತು. ಅತ್ತಿಗೆ ಚೀಲದಿಂದ ಬಾಟಲಿ ತೆಗೆದು ಅವನಿಗೆ ನೀರು ಕೊಟ್ಟರು, ತಾವು ಕುಡಿದರು, ಮತ್ತೆ ಅವನಿಗೆ ಕೊಟ್ಟರು. ‘ನಿನಗೇನಾಗಿದೆ? ಮುಖ ಹಿಂಡಿದ ಬಟ್ಟೆ ಆದ ಹಾಗೆ ಆಗಿದೆ. ಒಗೆತದ ಮನೇಲಿ ಕೆಲಸ ಮಾಡೋದಕ್ಕೋ ಏನೋ’ ಎಂದು ಹಾಸ್ಯ ಮಾಡಿದರು. ಅವರಿಗೆ ಇವತ್ತು ಒಂದು ಥರದ ಹುರುಪು. ಮಗಳು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ, ರಜೆ ಸಿಗಲಿಲ್ಲ, ಗಳಿಗೆಗೊಂದು ಸಲ ಫೋನು ಮಾಡಿ ಏನಾಯ್ತು ಅಂತ ಕೇಳುತ್ತಾಳೆ, ಏನೂ ಆಗಿಲ್ಲ ಸುಮ್ನಿರೇ ಅಂತ ಬೈದೆ, ಅವಳಿಗೆ ಅಪ್ಪನ ಮುಖ ಕೂಡ ನೆನಪಿಲ್ಲ ನೋಡು, ಆಗ ಮೂರು ವರ್ಷ, ಆದರೆ ಆ ಗೋಡೆಯ ಫೋಟೋ ಮಾತ್ರ ಫೋನಿನಲ್ಲಿ ಇಟ್ಟುಕೊಂಡಿದ್ದಾಳೆ, ಇಲ್ಲಿ ಅಪ್ಪನ ಹೆಸರು ಬರುತ್ತೆ ಅಂತ ಖಾಲಿ ಜಾಗಕ್ಕೆ ಗುರುತು ಬೇರೆ ಹಾಕಿದ್ದಾಳೆ. ಅತ್ತಿಗೆ ಹೇಳುತ್ತ ಹೋದರು. ಅವನು ಹೂಂ ಹೂಂ ಅನ್ನುತ್ತಿದ್ದ. ಅವರ ಕೈ ಅವನ ತೋಳಿನ ಮೇಲಿತ್ತು, ಎಳೆದುಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ.

ಆ ಠಾಣೆಯನ್ನು ಠಾಣೆ ಎನ್ನುವುದೇ ದೊಡ್ಡ ಮಾತು. ಗುಡ್ಡದ ಮೇಲೆ ತಗಡಿನ ಒಂದು ಕೋಣೆ, ಕೆಳಗೆ ಹೊಳೆಯಂಚಿನಲ್ಲಿ ಪಂಪಿನ ಮನೆ. ಮೇಲಿನ ಪಾಳೆಯಕ್ಕೆ ನೀರೆತ್ತುವ ಪಂಪು. ಅದರ ಬಾಯಿಯ ಜಾಲರಿಗೆ ಎಲೆ, ಕಸ ಕಟ್ಟಿಕೊಳ್ಳುತ್ತಿತ್ತು; ಎರಡು ಗಂಟೆಗೊಂದು ಸಲ ಒಬ್ಬ ಇಳಿದು ಹೊಳೆಯೊಳಗೆ ನಿಂತು ಅದನ್ನು ತೆಗೆಯಬೇಕು. ಇನ್ನೊಬ್ಬ ಮೇಲೆ ಕೂತು ಕಿವಿಗೊಟ್ಟಿರಬೇಕು. ಮೇಲ್ಗಡೆಯ ಅಣೆಕಟ್ಟಿನಿಂದ ನೀರು ಬಿಡುವ ಮುಂಚೆ ಸೈರನ್ ಕೂಗುತ್ತದೆ. ಪಂಪಿನ ಸದ್ದಿನಲ್ಲಿ ಅದು ಕೆಳಗಿರುವವನಿಗೆ ಕೇಳಿಸುವುದಿಲ್ಲ. ಮೇಲಿನವನು ಹಗ್ಗ ಎಳೆಯಬೇಕು, ಹಗ್ಗದ ಕೊನೆಗೆ ಜಾಲರಿಯ ಪಕ್ಕದಲ್ಲೇ ಕಟ್ಟಿದ ಗಂಟೆ ಬಾರಿಸಬೇಕು. ಇಳಿದವನ ಹೆಸರು, ಹೊತ್ತು, ಎರಡನ್ನೂ ಪುಸ್ತಕದಲ್ಲಿ ಬರೆಯಬೇಕಾದವನೂ ಮೇಲಿನವನೇ. ಮೂರು ಜನ ಇರಬೇಕಾದ ಜಾಗ. ಮೂರನೆಯವನು ಜ್ವರ ಬಂದು ಹೋಗಿ ಒಂಬತ್ತು ದಿನವಾದರೂ ಬದಲಿ ಬಂದಿರಲಿಲ್ಲ; ಮೇಜರ್ ಇವತ್ತು ಕಳಿಸ್ತೀನಿ ನಾಳೆ ಕಳಿಸ್ತೀನಿ ಅನ್ನುತ್ತಿದ್ದರು. ಒಂಬತ್ತನೆಯ ದಿನ ಮಧ್ಯಾಹ್ನ, ಉಂಡ ತಟ್ಟೆ ಇನ್ನೂ ಕೈಯಲ್ಲಿರುವಾಗ, ಕಿಟಕಿಯಿಂದ ಬಿದ್ದ ಚಳಿಗಾಲದ ಬಿಸಿಲಿನಲ್ಲಿ ಗೋಡೆಗೆ ತಲೆ ತಾಗಿಸಿದ್ದು ಅವನಿಗೆ ನೆನಪಿದೆ. ಆಮೇಲೆ ಸೈರನ್ ನಿಂತ ಮೌನ. ಕೂಗಿದ್ದಲ್ಲ, ನಿಂತದ್ದು ಅವನನ್ನು ಎಚ್ಚರಗೊಳಿಸಿತು. ಮೇಷ್ಟ್ರು ಕೋಣೆಯಲ್ಲಿರಲಿಲ್ಲ. ಈ ಎರಡರ ನಡುವಿನ ಹೊತ್ತನ್ನು ಅವನು ಯಾವತ್ತೂ ಒಳಹೊಕ್ಕು ನೋಡಿಲ್ಲ. ಅದರ ಹೊಸ್ತಿಲ ತನಕ ಹೋಗಿ ಹಿಂದಕ್ಕೆ ಬಂದುಬಿಡುತ್ತಾನೆ. ಹಗ್ಗಕ್ಕೆ ಜೋತುಬಿದ್ದು ಎಳೆದದ್ದು, ಕೆಳಗೆ ಗಂಟೆ ಯಾರಿಗೂ ಅಲ್ಲದೆ ಬಡಿದುಕೊಂಡದ್ದು, ಇಳಿದು ಓಡಿದ್ದು, ಕಂದು ನೀರು, ಜಾಲರಿಯ ಮುರಿದ ತಂತಿಗೆ ತನ್ನ ಅಂಗಿ ಸಿಕ್ಕಿ ಹರಿದದ್ದು, ಅರ್ಧ ಮೈಲಿ ಕೆಳಗೆ ಸಿಕ್ಕಿದ ಮೇಷ್ಟ್ರ ಒಂದು ಕಾಲಿನ ಬೂಟು. ಮರುದಿನ ಮೇಜರ್ ಕೇಳಿದ್ದು ಒಂದೇ ಮಾತು: ‘ಯಾಕೆ ಇಲ್ಲಿ ನಿಂತಿದೀಯ ಅಂತ ಗೊತ್ತಲ್ಲ?’ ಗೊತ್ತು ಸರ್. ‘ಹದಿನಾಲ್ಕು ದಿನ. ಬಾಯಿ ಮುಚ್ಕೊಂಡು ಮುಗಿಸು.’ ಮುಂದೆ ತಳ್ಳಿದ ಹಾಳೆಯ ಮೇಲರ್ಧಕ್ಕೆ ಮೇಜರ್ ತಮ್ಮ ಅಂಗೈ ಊರಿದ್ದರು. ಬೆರಳು ತೋರಿಸಿದ ಕಡೆ ಇವನು ಸಹಿ ಹಾಕಿದ. ಹದಿನಾಲ್ಕು ದಿನ ಕಲ್ಲು ಹೊತ್ತ, ಪಾಯಿಖಾನೆ ತೊಳೆದ, ಮದ್ದಿನ ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಮೈದಾನದಲ್ಲಿ ಓಡಿದ. ಒಂದೊಂದು ದಿನ ಮುಗಿದಾಗಲೂ ಇಷ್ಟು ತೀರಿತು ಅನ್ನಿಸುತ್ತಿತ್ತು. ಆ ಹದಿನಾಲ್ಕು ದಿನ ಅವನು ಚೆನ್ನಾಗಿ ನಿದ್ದೆ ಮಾಡಿದ್ದ. ಆಮೇಲೆ ಅಂಥ ನಿದ್ದೆ ಮತ್ತೆ ಬರಲಿಲ್ಲ.

‘ನಲವತ್ತೊಂದು! ನಲವತ್ತೊಂದು ಮಲಗಿಬಿಡ್ತಾ?’ ಎಂದು ಒಳಗಿನಿಂದ ಯಾರೋ ಕೂಗಿದರು. ಅವನು ಬೆಂಚಿನಿಂದ ಧಡಕ್ಕನೆ ಎದ್ದು ನಿಂತ.

ಕೂಗಿದವರು ಹೆಡ್ ಗುಮಾಸ್ತರು. ನಿವೃತ್ತಿಗೆ ಹತ್ತಿರವಾದ, ತೋಳಿಗೆ ಬಟ್ಟೆಯ ಗವಸು ತೊಟ್ಟ, ಬಾಯ್ತುಂಬ ಮಾತಿನ ಮನುಷ್ಯ. ‘ಬನ್ನಿ ತಾಯಿ, ಕೂತ್ಕೊಳ್ಳಿ. ಇಲ್ಲಿ ಧೂಳು ಬಿಟ್ರೆ ಬೇರೇನೂ ಪುಕ್ಕಟೆ ಇಲ್ಲ’ ಎಂದು ಎರಡು ಕುರ್ಚಿ ಎಳೆದುಕೊಟ್ಟರು. ಮೇಜಿನ ಮೇಲೆ ಎರಡು ಕಡತ, ಒಂದು ದಪ್ಪ, ಒಂದು ತೆಳು. ತೆಳುವಾದದ್ದು ಮೇಷ್ಟ್ರದು. ಬೆರಳು ಒದ್ದೆ ಮಾಡಿಕೊಂಡು ಹಾಳೆ ತಿರುವಿದ ಗುಮಾಸ್ತರು ಒಂದು ಕಡೆ ನಿಂತು, ಗಂಟಲು ಸರಿಮಾಡಿಕೊಂಡರು. ಈಗ ಅವರ ದನಿ ಬೇರೆಯಾಯಿತು. ‘ನೋಡಿ ತಾಯಿ. ನಡತೆ ಹಾಳೆಯಲ್ಲಿ ಎರಡು ಥರ ಇರುತ್ತೆ. ಸಣ್ಣಪುಟ್ಟದ್ದಕ್ಕೆ ಕಪ್ಪು ಶಾಯಿ. ಬೂಟು ಒರೆಸಿಲ್ಲ, ತಡವಾಗಿ ಬಂದ, ಇಂಥವು. ದೊಡ್ಡದಕ್ಕೆ ಕೆಂಪು. ಕೆಂಪು ಬಿದ್ರೆ ಹೋಯ್ತು, ಸತ್ತರೂ ಹೋಗಲ್ಲ. ಇದು ಕೆಂಪು.’ ಅತ್ತಿಗೆ ಕನ್ನಡಕ ಹಾಕಿಕೊಂಡು ಬಗ್ಗಿದರು. ಪಹರೆಯವನಿಗೆ ತಿಳಿಸದೆ, ಪುಸ್ತಕದಲ್ಲಿ ನಮೂದಿಸದೆ, ಸ್ವಂತ ಇಚ್ಛೆಯಿಂದ ಠಾಣೆ ಬಿಟ್ಟು ಹೊಳೆಗೆ ಇಳಿದು ಸ್ವಂತ ನಿರ್ಲಕ್ಷ್ಯದಿಂದ ಮೃತ. ಅವರು ಅದನ್ನು ತುಟಿಯಲ್ಲಾಡಿಸುತ್ತ ಎರಡು ಸಲ ಓದಿಕೊಂಡರು. ‘ಸ್ವಂತ ಇಚ್ಛೆಯಿಂದ ಅಂದ್ರೆ ಏನು? ಆ ಚಳೀಲಿ ಈಜೋಕೆ ಹೋದ್ರು ಅಂತಲಾ?’ ಎಂದು ಕೇಳಿದರು. ‘ಮನೇಲಿ ಸ್ನಾನಕ್ಕೂ ಹತ್ತು ಸಲ ಕೂಗಬೇಕಾಗಿತ್ತು ಅವರನ್ನ.’

‘ನನ್ನದು ತೆಗೀರಿ’ ಅಂದ ಅವನು. ತನ್ನ ದನಿ ಇಷ್ಟು ಜೋರಾದದ್ದಕ್ಕೆ ಅವನಿಗೇ ಗಾಬರಿಯಾಯಿತು. ‘ಅದೇ ದಿನದ್ದು ಇರುತ್ತೆ. ಮರುದಿನದ್ದು. ಅತ್ತಿಗೆ, ನಾನು ಕನ್ನಡಕ ತಂದಿಲ್ಲ. ನೀವೇ ಓದಿ.’ ಗುಮಾಸ್ತರು ದಪ್ಪ ಕಡತ ಬಿಚ್ಚಿದರು. ಅವನು ಕಿಟಕಿಯ ಕಡೆ ತಿರುಗಿದ. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಈಗ ಓದುತ್ತಾರೆ, ಈಗ, ಎಂದು ಹೊಡೆತ ಬೀಳುವ ಮುಂಚೆ ಮಕ್ಕಳು ಮಾಡುವ ಹಾಗೆ ಕಣ್ಣು ಮುಚ್ಚಿಕೊಂಡ. ಬಿದ್ದರೆ ಸಾಕಾಗಿತ್ತು. ಇಪ್ಪತ್ತೆರಡು ವರ್ಷ ಹೊತ್ತದ್ದನ್ನು ಇನ್ನು ಒಂದು ಉಸಿರಿನಲ್ಲಿ ಬೇರೆಯವರು ಇಳಿಸುತ್ತಾರೆ. ಕೇಳಿಸಿದ್ದು ಅತ್ತಿಗೆಯ ನಗು. ಅಳುವಿನ ಮಧ್ಯೆ ಬಂದ ನಗು, ಮೂಗು ಒರೆಸಿಕೊಂಡು ನಗುತ್ತಿದ್ದರು. ‘ಅಯ್ಯೋ ನಿನ್ನ! ಅಂಗಿಗೆ ಗುಂಡಿ ಇರಲಿಲ್ಲ ಅಂತ ಹದಿನಾಲ್ಕು ದಿನ ಶಿಕ್ಷೆ ಕೊಟ್ರಾ ನಿನಗೆ? ಪಾಪದವನೇ, ನನಗೊಂದು ಕಾಗದ ಹಾಕಿದ್ರೆ ಗುಂಡಿ ಕಳಿಸ್ತಿದ್ನಲ್ಲೋ!’

ಅವನು ಕನ್ನಡಕ ತೆಗೆದು ಹಾಕಿಕೊಂಡ. ತಂದಿಲ್ಲ ಎಂದದ್ದನ್ನು ಯಾರೂ ನೆನಪಿಸಿಕೊಳ್ಳಲಿಲ್ಲ. ಕಪ್ಪು ಶಾಯಿ, ದುಂಡಗಿನ ಅಕ್ಷರ: ಸಮವಸ್ತ್ರ ಅಸ್ತವ್ಯಸ್ತ, ಅಂಗಿಯ ಮೇಲಿನಿಂದ ಎರಡನೆಯ ಗುಂಡಿ ಇಲ್ಲ. ಹದಿನಾಲ್ಕು ದಿನ. ಕೆಳಗೆ ಅವನ ಸಹಿ, ಬೆರಳು ತೋರಿಸಿದ ಜಾಗದಲ್ಲೇ. ಮೇಜರ್ ಸುಳ್ಳು ಬರೆದಿರಲಿಲ್ಲ. ಗುಂಡಿ ಇರಲೇ ಇಲ್ಲ. ಅದು ಜಾಲರಿಯ ತಂತಿಯಲ್ಲಿ ಕಿತ್ತುಹೋಗಿತ್ತು. ಅವನು ಆ ಅಂಗಿಯಲ್ಲೇ ಮೇಜರ್ ಮುಂದೆ ನಿಂತಿದ್ದ. ಮನುಷ್ಯ ಕಣ್ಣೆದುರು ಕಂಡದ್ದನ್ನು ಬರೆದಿದ್ದಾನೆ. ನಿದ್ದೆ ಎಂದು ಬರೆದರೆ ಯಾಕೆ ನಿದ್ದೆ ಎಂದು ಮೇಲಿನವರು ಕೇಳುತ್ತಾರೆ, ಮೂರನೆಯವನೆಲ್ಲಿ ಎನ್ನುತ್ತಾರೆ, ಒಂಬತ್ತು ದಿನ ಏನು ಮಾಡುತ್ತಿದ್ದೆ ಎನ್ನುತ್ತಾರೆ. ಗುಂಡಿಯ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಸತ್ತವರಿಗೆ ಕೆಂಪು ಶಾಯಿ ಬಳಿದರೆ ಅವರು ಎದ್ದು ಬಂದು ಆಕ್ಷೇಪಣೆ ಸಲ್ಲಿಸುವುದಿಲ್ಲ. ಅಂದರೆ ಹೊತ್ತ ಕಲ್ಲು, ತೊಳೆದ ಪಾಯಿಖಾನೆ, ಎಲ್ಲ ಒಂದು ಗುಂಡಿಯದು. ಮೇಷ್ಟ್ರ ಲೆಕ್ಕಕ್ಕೆ ಒಂದು ದಿನವೂ ಸಂದಿಲ್ಲ. ಅವನು ಹಾಳೆ ಮಗುಚಿ ಹಿಂಬದಿ ನೋಡಿದ.

‘ಇನ್ನೊಂದು ಹಾಳೆ ಇರಬೇಕು’ ಅಂದ. ‘ಯಾವುದು?’ ‘ಕೆಂಪು ಶಾಯಿದು. ನನ್ನದು. ಸರಿಯಾಗಿ ನೋಡಿ.’ ಗುಮಾಸ್ತರು ಅವನ ಮುಖ ನೋಡಿದರು. ಮೂವತ್ನಾಲ್ಕು ವರ್ಷದಲ್ಲಿ ಕೆಂಪು ಅಳಿಸಿಕೊಡಿ ಎಂದು ಗೋಗರೆದವರನ್ನು, ಹಾಳೆ ಹರಿದು ನುಂಗಲು ಹೋದವನೊಬ್ಬನನ್ನು ಅವರು ಕಂಡಿದ್ದರಂತೆ; ನನ್ನ ಕೆಂಪೆಲ್ಲಿ ಎಂದು ಕೇಳುವವನನ್ನು ಇದೇ ಮೊದಲು ನೋಡುತ್ತಿರುವುದು. ‘ಸ್ವಾಮಿ, ಚಿನ್ನದಂಥ ಕಡತ ನಿಮ್ಮದು. ಒಂದು ಗುಂಡಿ ಬಿಟ್ರೆ ಬೇರೇನಿಲ್ಲ. ಮನೆಗೆ ಹೋಗಿ ಆರಾಮಾಗಿ ಊಟ ಮಾಡಿ.’ ಅವನು ಕಡತವನ್ನು ಎಳೆದುಕೊಂಡು ತಾನೇ ತಿರುವತೊಡಗಿದ, ರಜೆಯ ಚೀಟಿ, ಹಲ್ಲಿನ ಚಿಕಿತ್ಸೆ, ಕೊಟ್ಟ ಕಂಬಳಿ ಎರಡು ವಾಪಸು ಬಂದದ್ದು ಎರಡು. ಹಾಳೆಗಳ ಮೂಲೆಯ ಅಂಕಿ ಎಣಿಸಿದ, ಒಂದೂ ತಪ್ಪಿರಲಿಲ್ಲ. ‘ಹಾಳೆ ಕದೀತೀವಿ ಅಂದ್ಕೊಂಡ್ರಾ ನಮ್ಮನ್ನ?’ ಎಂದು ಗುಮಾಸ್ತರು ಕಡತ ಕಿತ್ತುಕೊಂಡರು. ಪಕ್ಕದ ಮೇಜಿನವರು ತಲೆಯೆತ್ತಿ ನೋಡಿದರು. ಅತ್ತಿಗೆ ಅವನ ತೋಳು ಹಿಡಿದು, ‘ಬಿಡಪ್ಪಾ, ನಮ್ಮ ಹಣೇಲಿ ಬರೆದಿಲ್ಲ. ಇಷ್ಟು ದೂರ ಬಂದೆಯಲ್ಲ, ಅದೇ ದೊಡ್ಡದು’ ಅಂದರು. ಅವರು ತಮ್ಮ ಚೀಲದ ಬಾಯಿ ಕಟ್ಟುತ್ತಿದ್ದರು. ಇಷ್ಟಕ್ಕೆ ಎದ್ದು ಬಿಟ್ಟರೆ ಮುಗಿಯಿತು. ಮಧ್ಯಾಹ್ನದ ಬಸ್ಸು, ಊಟ, ಸೋರುವ ನಲ್ಲಿ. ಆ ಗೋಡೆಯಲ್ಲಿ ಖಾಲಿ ಜಾಗ ಹಾಗೇ ಉಳಿಯುತ್ತದೆ ಅಥವಾ ಬೇರೆ ಯಾರದೋ ಹೆಸರು ಬರುತ್ತದೆ. ಅವನ ಕಾಲುಗಳು ಏಳಲೂ ಸಿದ್ಧವಾಗಿದ್ದವು.

‘ನಾನು ಮಲಗಿಬಿಟ್ಟಿದ್ದೆ’ ಅಂದ.

ಇಷ್ಟೇ ಇದ್ದದ್ದು. ಇಪ್ಪತ್ತೆರಡು ವರ್ಷ ಗಂಟಲಲ್ಲಿ ಸಿಕ್ಕಿಕೊಂಡದ್ದು ಎರಡು ಪದ, ಅಷ್ಟು ಸಣ್ಣದು. ‘ಪಹರೆಯಲ್ಲಿ ನಾನಿದ್ದೆ ಅತ್ತಿಗೆ. ಸೈರನ್ ಆದಾಗ ಹಗ್ಗ ಎಳೀಬೇಕಾಗಿದ್ದವನು ನಾನು. ನಾನು ಮಲಗಿದ್ದೆ. ಮೇಷ್ಟ್ರದ್ದೇನೂ ತಪ್ಪಿಲ್ಲ.’ ಗುಮಾಸ್ತರು ಗವಸಿನ ತೋಳು ಮೇಲೇರಿಸಿ, ‘ಬರೆದು ಕೊಡ್ತೀರಾ?’ ಅಂದರು. ಕೊಡ್ತೀನಿ. ಒಂದು ಬಿಳಿ ಹಾಳೆ ಕೊಟ್ಟರು. ಅವನು ಬರೆದ. ಬರೆಯುತ್ತಿದ್ದಂತೆ ಬೆನ್ನು ನೆಟ್ಟಗಾಯಿತು, ಎಷ್ಟೋ ಕಾಲದ ಮೇಲೆ ಎದೆತುಂಬ ಉಸಿರು ಬಂತು. ಗುಮಾಸ್ತರು ಅದನ್ನು ಓದಿ, ಅವನ ಕಡತದ ಪಕ್ಕದಲ್ಲಿಟ್ಟು, ಹಣೆ ತಿಕ್ಕಿಕೊಂಡು, ಬಹಳ ಮೆಲ್ಲಗೆ ಹೇಳಿದರು: ‘ನಿಮ್ಮ ಮನಸ್ಸು ದೊಡ್ಡದು ಸ್ವಾಮಿ. ಆದರೆ ಇದು ನಿಲ್ಲಲ್ಲ. ಪಹರೇಲಿ ಮಲಗಿ ಒಬ್ಬ ಸತ್ತಿದ್ರೆ ನಿಮ್ಮನ್ನ ಜೈಲಿಗೆ ಹಾಕಿರೋರು. ಆ ದಿನಾಂಕಕ್ಕೆ ನಿಮ್ಮ ಹೆಸರಲ್ಲಿ ಇರೋದು ಗುಂಡಿ. ನೀವೇ ಸಹಿ ಹಾಕಿದೀರ. ಸ್ನೇಹಿತರಿಗೋಸ್ಕರ ಇಂಥದ್ದು ಬರೆದುಕೊಡೋರು ವರ್ಷಕ್ಕೆ ಇಬ್ಬರು ಮೂವರು ಬರ್ತಾರೆ. ಮೇಲೆ ಕಳಿಸಿದ್ರೆ ಸುಳ್ಳು ಹೇಳಿಕೆ ಅಂತ ನಿಮ್ಮ ಮೇಲೇ ಬರುತ್ತೆ.’

‘ಸುಳ್ಳಲ್ಲ’ ಎಂದ. ‘ಸುಳ್ಳಲ್ಲ ರೀ. ನಿಜವಾಗ್ಲೂ ಮಲಗಿದ್ದೆ. ಆಣೆ ಮಾಡ್ಲಾ?’ ಕೂಗುತ್ತಿದ್ದ. ಅಷ್ಟರಲ್ಲಿ ಅತ್ತಿಗೆ ಮೇಜಿನ ಮೇಲಿನ ಹಾಳೆ ತೆಗೆದುಕೊಂಡು ಎರಡಾಗಿ, ನಾಲ್ಕಾಗಿ, ಎಂಟಾಗಿ ಹರಿದುಬಿಟ್ಟರು. ಅವರ ಕಣ್ಣಲ್ಲಿ ಧಾರೆಯಾಗಿ ನೀರು. ‘ಹುಚ್ಚನ ಥರ ಆಡಬೇಡ. ಅವರ ಹೆಸರು ಬರಲಿ ಅಂತ ನಿನ್ನ ಹೆಸರಿಗೆ ನೀನೇ ಮಸಿ ಬಳ್ಕೋತೀಯಾ? ಅವರಿದ್ದಿದ್ರೆ ಕಪಾಳಕ್ಕೆ ಹೊಡೆದಿರೋರು ನಿನಗೆ. ಏಳು. ಏಳು ಅಂದೆ.’ ಹರಿದ ಚೂರುಗಳನ್ನು ಬೇರೆಯವರ ಕಸದ ಬುಟ್ಟಿಗೆ ಹಾಕದೆ ತಮ್ಮ ಚೀಲಕ್ಕೇ ಹಾಕಿಕೊಂಡರು. ಗುಮಾಸ್ತರು ಎದ್ದು ನಿಂತು ಅವನಿಗೆ ಕೈ ಮುಗಿದರು. ನಿಜವಾಗಿಯೂ ಮುಗಿದರು. ಆ ಗಳಿಗೆಯಲ್ಲಿ ತನ್ನೊಳಗೆ ಎಲ್ಲೋ ಆಳದಲ್ಲಿ ಸಣ್ಣಗೆ ಹಾಯೆನಿಸಿದ್ದನ್ನು ಅವನು ಗುರುತಿಸಿದ, ಗುರುತಿಸಿ ಅಸಹ್ಯಪಟ್ಟ. ಹೇಳಿಯಾಯಿತು, ನಂಬಲಿಲ್ಲ, ತಾನೇನು ಮಾಡಲಿ ಎಂದು ಒಳಗೊಬ್ಬ ಆಗಲೇ ಕೈ ತೊಳೆದುಕೊಳ್ಳುತ್ತಿದ್ದ.

ಬಸ್ಸಿನ ನಿಲ್ದಾಣ ಕಚೇರಿಯ ಎದುರಿಗೇ ಇತ್ತು. ಬಿಸಿಲಿಗೆ ತಗಡಿನ ಚಾವಣಿ ಕಾದಿತ್ತು. ಅತ್ತಿಗೆ ಮುಖ ತೊಳೆದುಕೊಂಡು ಬಂದು ಅವನ ಪಕ್ಕದಲ್ಲಿ ಕೂತರು, ಬೆನ್ನು ಸವರಿದರು. ಸುಟ್ಟ ಮೈ ಮೇಲೆ ಕೈಯಾಡಿಸಿದ ಹಾಗಾಯಿತು ಅವನಿಗೆ. ಫೋನು ಹೊಡೆದುಕೊಂಡಿತು, ಮಗಳು. ‘ಇಲ್ಲಮ್ಮ, ಆಗ್ಲಿಲ್ಲ. ಕೆಂಪಲ್ಲಿ ಬರೆದುಬಿಟ್ಟಿದಾರೆ. ಹೋಗ್ಲಿ ಬಿಡು, ಕಲ್ಲಲ್ಲಿದ್ರೇನು ಇಲ್ದಿದ್ರೇನು. ಆದರೆ ನಿಮ್ಮ ಚಿಕ್ಕಪ್ಪ ಏನು ಮಾಡಿದ ಗೊತ್ತಾ? ನಾನೇ ಪಹರೇಲಿ ಮಲಗಿದ್ದೆ, ತಪ್ಪು ನಂದು ಅಂತ ಬರೆದು ಕೊಡೋಕೆ ಹೋದ, ನಿಮ್ಮಪ್ಪನಿಗೋಸ್ಕರ! ಸ್ವಂತ ತಮ್ಮ ಮಾಡ್ತಿರಲಿಲ್ಲ. ತಗೋ, ನೀನೇ ಬೈ ಇವನಿಗೆ’ ಎಂದು ಫೋನನ್ನು ಅವನ ಕಿವಿಗೆ ಹಿಡಿದರು, ಕಣ್ಣೊರೆಸಿಕೊಳ್ಳುತ್ತ, ನಗುತ್ತ.

ಆಚೆ ಕಡೆ ಅಂಗಡಿಯ ಸದ್ದು. ಅಕ್ಷರ ಓದುತ್ತಿದ್ದ ಯಾರದೋ ದನಿ ದೂರವಾಯಿತು, ಬಾಗಿಲು ಮುಚ್ಚಿಕೊಂಡಿತು. ‘ಚಿಕ್ಕಪ್ಪಾ’ ಅಂದಳು. ಅವನು ಹೂಂ ಅಂದ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಮುಂದೆ ಕೂತವರ ಕಣ್ಣಿಗೆ ಗಾಜು ಬದಲಾಯಿಸಿ ಈಗ ಕಾಣುತ್ತಾ ಎಂದು ಕೇಳುವ ದನಿಯಲ್ಲೇ ಇರಬೇಕು, ಕೇಳಿದಳು: ‘ನೀವು ಮಲಗಿದ್ರೆ, ಅಪ್ಪ ನಿಮ್ಮನ್ನ ಎಬ್ಬಿಸಿ ಹೋಗಬೇಕಾಗಿತ್ತಲ್ಲ. ಯಾಕೆ ಎಬ್ಬಿಸಲಿಲ್ಲ?’

ಯಾರೂ ಇದನ್ನು ಕೇಳಿರಲಿಲ್ಲ. ಮೇಜರ್ ಕೇಳಲಿಲ್ಲ, ಗುಮಾಸ್ತರು ಕೇಳಲಿಲ್ಲ, ಅವನೂ ತನ್ನನ್ನು ಕೇಳಿಕೊಂಡಿರಲಿಲ್ಲ. ಉತ್ತರ ಹೇಳಿದರೆ ಕೆಂಪು ಶಾಯಿಯಲ್ಲಿ ಬರೆದದ್ದು ಪೂರ್ತಿ ಸುಳ್ಳಲ್ಲವೆಂದಾಗುತ್ತದೆ. ಮೇಷ್ಟ್ರಿಗೆ ಗೊತ್ತಿತ್ತು. ಮೇಲೆ ಕಿವಿಗೊಡುವವರು ಯಾರೂ ಇಲ್ಲವೆಂದು ತಿಳಿದೇ ಇಳಿದರು, ಸ್ವಂತ ಇಚ್ಛೆಯಿಂದ. ಹೇಳದಿದ್ದರೆ ಈ ಹುಡುಗಿಯೂ ತನಗೆ ಕೈ ಮುಗಿಯುತ್ತಾಳೆ. ‘ಅದು ನನ್ನ ಸರದಿ ಅಮ್ಮ’ ಅಂದ. ಫೋನಿಗೆ ಹೇಳುತ್ತಿದ್ದರೂ ಕಣ್ಣು ಅತ್ತಿಗೆಯ ಮೇಲಿತ್ತು. ‘ಹೊಳೆಗೆ ಇಳೀಬೇಕಾಗಿದ್ದವನು ನಾನು. ಊಟ ಆದ ಮೇಲೆ ಇಳಿಯೋ ಸರದಿ ನಂದು, ಪಹರೆ ಅವರದ್ದು. ನಾನು ಮಲಗಿದ್ದು ನೋಡಿ ಎಬ್ಬಿಸಲಿಲ್ಲ ಅವರು. ನನ್ನ ಬದಲು ಹೋದ್ರು, ಆಗ ಮೇಲಿನ ಪಹರೆ ನನ್ನದಾಯ್ತು. ಎಚ್ಚರ ಆದಾಗ ತಟ್ಟೆ ಕೈಯಲ್ಲಿರಲಿಲ್ಲ, ತೊಳೆದಿಟ್ಟಿತ್ತು. ನನ್ನ ಮೇಲೆ ಶಾಲು ಹೊದಿಸಿತ್ತು. ಮೂರನೆಯವನಿಲ್ಲ, ನಾನಿಲ್ಲ, ಎರಡು ನಿಮಿಷದ ಕೆಲಸ ಅಂದ್ಕೊಂಡ್ರೋ ಏನೋ. ಅವರ ಶಾಲು.’

ಅತ್ತಿಗೆಯ ಕೈ ಅವನ ಬೆನ್ನ ಮೇಲೆ ಇದ್ದಲ್ಲೇ ನಿಂತಿತು. ಮುಖದಲ್ಲಿ ನಗು ಇನ್ನೂ ಇತ್ತು, ತೆಗೆಯಲು ಮರೆತ ಹಾಗೆ. ‘ಯಾವ ಶಾಲು?’ ಅಂದರು.

‘ಬೂದು ಬಣ್ಣದ್ದು.’

‘ಬೂದು ಬಣ್ಣದ ಶಾಲು ಎಲ್ಲರ ಹತ್ರಾನೂ ಇರುತ್ತೆ.’

‘ಒಂದು ಮೂಲೇಲಿ ಸುಟ್ಟಿತ್ತು ಅತ್ತಿಗೆ. ಮೂರು ಮೂಲೆ ಆಕಾರದಲ್ಲಿ.’

ಬಸ್ಸು ಬಂದು ನಿಂತಿತು, ಜನ ಇಳಿದರು, ಜನ ಹತ್ತಿದರು. ಇಬ್ಬರೂ ಏಳಲಿಲ್ಲ. ಅವನ ಕೈಯಲ್ಲಿ ಫೋನು ಚಿಕ್ಕಪ್ಪಾ, ಚಿಕ್ಕಪ್ಪಾ ಎನ್ನುತ್ತಿತ್ತು. ಅತ್ತಿಗೆ ಅವನ ಬೆನ್ನ ಮೇಲಿಂದ ಕೈ ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

‘ಇ‌ಸ್ತ್ರಿ ಮಾಡೋವಾಗ ನಾನೇ ಸುಟ್ಟಿದ್ದು ಅದು’ ಎಂದರು.